ಎರಡನೇ ಪ್ರಶ್ನೆ ಕೇಳುವವರು ಬೇಕು

ಮೊದಲನೇ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. ಮಂತ್ರಿಗಳು ಊರಿಗೆ ಬಂದಾಗ ಮೈಕ್ ಹಿಡಿದು "ಸಾರ್, ಈ ರಸ್ತೆ ಯಾವಾಗ ಮುಗಿಯುತ್ತದೆ?" ಅಂದರೆ "ಮೂರು ತಿಂಗಳೊಳಗೆ" ಅನ್ನುತ್ತಾರೆ. ಮರುದಿನದ ಪೇಪರ್‌ನಲ್ಲಿ ಅದೇ ಹೆಡ್‌ಲೈನ್. ಮೂರು ತಿಂಗಳು ಕಳೆದ ಮೇಲೆ ಅದೇ ಮಂತ್ರಿಯ ಎದುರು ನಿಂತು, "ಅವತ್ತು ಮೂರು ತಿಂಗಳು ಅಂದಿದ್ದಿರಿ, ಎಂತ ಆಯಿತು ಸಾರ್?" ಅಂತ ಕೇಳುವವರು ಉಂಟಲ್ಲ, ನನ್ನ ಮಟ್ಟಿಗೆ ಪತ್ರಕರ್ತರು ಅಂದರೆ ಅವರು.

ಮಂಗಳೂರು ಹತ್ತಿರದ ನಮ್ಮ ಸುರತ್ಕಲ್ ಟೋಲ್ ನೆನಪು ಮಾಡಿಕೊಳ್ಳಿ. ತಾತ್ಕಾಲಿಕ ಅಂತ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಒಂದು ಟೋಲ್‌ನಿಂದ ಇನ್ನೊಂದಕ್ಕೆ 60 ಕಿಲೋಮೀಟರ್ ಅಂತರ ಇರಬೇಕು ಅಂತ 2008ರ ನಿಯಮದಲ್ಲೇ ಉಂಟು. ಸುರತ್ಕಲ್‌ನಲ್ಲಿ ಕಟ್ಟಿ ಹೊರಟರೆ ಸ್ವಲ್ಪ ಹೊತ್ತಿಗೆ ಹೆಜಮಾಡಿ ಟೋಲ್, ಅಲ್ಲಿ ಮತ್ತೆ ಕಟ್ಟಬೇಕಿತ್ತು. 2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು, 60 ಕಿಲೋಮೀಟರ್ ಒಳಗಿನ ಎರಡನೇ ಟೋಲ್‌ಗಳನ್ನು ಮೂರು ತಿಂಗಳೊಳಗೆ ಮುಚ್ಚುತ್ತೇವೆ ಅಂತ ಲೋಕಸಭೆಯಲ್ಲೇ ಹೇಳಿದರು. ಮೂರು ತಿಂಗಳಾಯಿತು. ಮುಚ್ಚಲಿಲ್ಲ. ಟೋಲ್ ವಿರೋಧಿ ಹೋರಾಟ ಸಮಿತಿಯವರು ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಮುತ್ತಿಗೆ ಆಯಿತು, ಆಮೇಲೆ ಹಗಲು ರಾತ್ರಿ ಧರಣಿ ಆಯಿತು, ಕೊನೆಗೆ ಡಿಸೆಂಬರ್ 1ಕ್ಕೆ ವಸೂಲಿ ನಿಂತಿತು. ನಿಲ್ಲಿಸಿದ್ದು ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಕಸಭೆಯಲ್ಲಿ ಹೇಳಿದ ಆ ಮಾತನ್ನು ಮರೆಯಲು ಬಿಡದೆ ಮತ್ತೆ ಮತ್ತೆ ಬರೆದ ಸ್ಥಳೀಯ ವರದಿಗಾರರ ಪಾಲು ಅದರಲ್ಲಿ ಖಂಡಿತ ಉಂಟು. ಇಲ್ಲಿ ಮುಚ್ಚಿದ ಟೋಲ್‌ನ ದುಡ್ಡನ್ನು ಹೆಜಮಾಡಿಯಲ್ಲಿ ಸೇರಿಸಿ ವಸೂಲಿ ಮಾಡುವ ತೀರ್ಮಾನ ಆಗಿತ್ತು ಅನ್ನುವುದು ಉಡುಪಿ ಕಡೆಯವರಿಗೆ ಗೊತ್ತಾದದ್ದೂ ಸುದ್ದಿಯಾದ ಕಾರಣಕ್ಕೆ. ಇಲ್ಲದಿದ್ದರೆ ಸುಮ್ನೆ ಕಟ್ಟಿ ಹೋಗುತ್ತಿದ್ದೆವು.

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ವಿಷಯ ಹೇಳುವುದೇ ಬೇಡ. 2010ರಲ್ಲಿ ಶುರುವಾದ ಕೆಲಸ, ಉದ್ಘಾಟನೆ ಆದದ್ದು 2020ರ ಜನವರಿ 31ಕ್ಕೆ. ಎಷ್ಟು ಟ್ರೋಲ್ ಮಾಡಿದೆವು! ನಕ್ಕಿದ್ದು ತಪ್ಪಲ್ಲ. ಆದರೆ ಗಡುವು ತಪ್ಪಿದ್ದು ಯಾಕೆ, ಗುತ್ತಿಗೆ ಕಂಪನಿಯ ಕೈಯಲ್ಲಿ ದುಡ್ಡು ಇಲ್ಲದಿದ್ದರೆ ಅದನ್ನು ನೋಡಿಕೊಳ್ಳಬೇಕಾದವರು ಯಾರು, ಇದೆಲ್ಲ ಮೀಮ್‌ನಲ್ಲಿ ಸಿಗುವುದಿಲ್ಲ. ಕಡತ ಓದಿ, ಆಫೀಸಿಗೆ ಅಲೆದು, ಹೆಸರು ಹಾಕಿ ಬರೆಯುವವರೇ ಬೇಕು.

ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾಗೆ ಅಲೆದು ಬರೆಯುವವರಿಗೆ ಸಂಬಳ ಕೊಡುವವರು ಯಾರು?

ನಮ್ಮೂರಿನ ಒಂದು ಗ್ರಾಮಸಭೆಯಲ್ಲಿ ಕಣ್ಣಾರೆ ನೋಡಿದ್ದು ಇದು. ಊರಲ್ಲಿ ಕುಡಿಯುವ ನೀರಿನ ಟ್ಯಾಂಕ್ ಕಟ್ಟಿ ಆಗಿತ್ತು, ಮೇಲೆ ನೀಲಿ ಬಣ್ಣ ಹೊಡೆದು ಯೋಜನೆಯ ಹೆಸರೂ ಬರೆದಿದ್ದರು. ಪೈಪ್ ಮಾತ್ರ ಇರಲಿಲ್ಲ. ಸ್ಥಳೀಯ ವರದಿಗಾರರೊಬ್ಬರು ಎದ್ದು, "ನೀರು ಯಾವಾಗ?" ಅಂದರು. "ಬೇಸಿಗೆಗೆ ಮುಂಚೆ" ಅಂತ ಉತ್ತರ ಬಂತು. ಅವರು ಕುಳಿತುಕೊಳ್ಳಲಿಲ್ಲ. "ಬಿಲ್ ಪಾಸ್ ಆಗಿದೆಯಾ?" ಅಂತ ಕೇಳಿದರು. ಪಿಡಿಒ ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಕಾಗದ ತಿರುವಿದರು. "ಅದನ್ನೆಲ್ಲ ಆಮೇಲೆ ಮಾತಾಡುವ ಮಾರಾಯ್ರೆ" ಅಂತ ಮುಂದಿನ ವಿಷಯಕ್ಕೆ ಹೋದರು.

ಸಭೆ ಮುಗಿದ ಮೇಲೆ ಅದೇ ವರದಿಗಾರರು ಅಧ್ಯಕ್ಷರ ಕಾರಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಜಾಹೀರಾತಿನ ದರಪಟ್ಟಿ. ಹತ್ತಿರದ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಅವರ ಪತ್ರಿಕೆ ಪುರವಣಿ ತರುವುದಿತ್ತು, ಶುಭ ಕೋರುವವರ ಪಟ್ಟಿಯಲ್ಲಿ ಅಧ್ಯಕ್ಷರ ಫೋಟೋ ಬೇಕಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆ ಉರಿಯಿತು. ಅಷ್ಟು ಜನರ ಎದುರು ಬಿಲ್ ಕೇಳುವ ಧೈರ್ಯ ಇದ್ದ ಮನುಷ್ಯನನ್ನು ಅರ್ಧ ಗಂಟೆಯಲ್ಲಿ ಅದೇ ಅಧ್ಯಕ್ಷರ ಎದುರು ಕೈ ಚಾಚುವ ಹಾಗೆ ಮಾಡಿದ್ದು ಯಾರು? ಅವರಿಗೆ ಕೆಲಸ ಕೊಟ್ಟವರು ಮತ್ತು ಕಡಿಮೆ ದುಡ್ಡಿಗೆ ಪೇಪರ್ ಓದುವ ನಾವು.

ತಾಲೂಕು ಮಟ್ಟದಲ್ಲಿ ಬಿಡಿ ಸುದ್ದಿ ಸಂಗ್ರಾಹಕರು ಅಂತ ಇರುತ್ತಾರೆ. ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ಪಿಎಫ್ ಇಲ್ಲ. ಸುದ್ದಿಗೆ ಇಷ್ಟು ಅಂತ ಸಿಗುವುದು ಬೈಕಿನ ಪೆಟ್ರೋಲಿಗೂ ಸಾಲದು. ಜಾಹೀರಾತು ತಂದರೆ ಕಮಿಷನ್ ಉಂಟು. ಚೌತಿ, ದಸರಾ, ಕಂಬಳ, ಬ್ರಹ್ಮಕಲಶ, ಶಾಸಕರ ಹುಟ್ಟುಹಬ್ಬ. ಜಾಹೀರಾತು ಕೊಡುವವರು ಯಾರು ಅಂತ ನೋಡಿದರೆ ಗುತ್ತಿಗೆದಾರರು, ಪಂಚಾಯತ್‌ನವರು, ರಾಜಕೀಯದವರು, ಖಾಸಗಿ ಆಸ್ಪತ್ರೆ, ಕಾಲೇಜು. ಅಂದರೆ ಪ್ರಶ್ನೆ ಕೇಳಬೇಕಾದದ್ದು ಯಾರನ್ನೋ ಅವರೇ. ಇದರ ನಡುವೆ ಬೈಕಿಗೆ ಪ್ರೆಸ್ ಅಂತ ಸ್ಟಿಕ್ಕರ್ ಹಾಕಿಕೊಂಡು ವಸೂಲಿಗೆ ಇಳಿದವರೂ ಇದ್ದಾರೆ. ಅವರ ಪರ ನಾನು ಒಂದು ಮಾತೂ ಆಡುವುದಿಲ್ಲ.

ಇದಕ್ಕೆ ದಾರಿ ಹುಡುಕಿದವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಪತ್ರಕರ್ತ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಪತ್ರಿಕೆ ಶುರು ಮಾಡಿದಾಗ ಓದುಗರಿಂದಲೇ ಷೇರು ಹಣ ಎತ್ತಿದರು. ಪತ್ರಿಕೆಗೆ ದುಡ್ಡು ಹಾಕಿದವರು ಓದುಗರೇ ಆದರೆ ಸಂಪಾದಕ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ ಅನ್ನುವ ಲೆಕ್ಕ. ಪತ್ರಿಕೆ ಉಳಿಯಲಿಲ್ಲ, ಹೌದು. ಆದರೆ ಅಲ್ಲಿ ಕಲಿತವರು ಆಮೇಲೆ ಕನ್ನಡದ ದೊಡ್ಡ ಪತ್ರಿಕೆಗಳಲ್ಲಿ ಬರೆದರು. ಆ ಲೆಕ್ಕ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಈಗ ಯುಪಿಐ ಉಂಟು, ಊರಿನ ಒಂದು ಸಣ್ಣ ಸುದ್ದಿ ತಾಣಕ್ಕೆ ತಿಂಗಳಿಗೆ ನೂರು ರೂಪಾಯಿ ಕಳಿಸುವುದು ಆಗ ಷೇರು ಎತ್ತಿದಷ್ಟು ಕಷ್ಟ ಅಲ್ಲ.

ಬರೆದ ಮೇಲೆ ಏನಾಗುತ್ತದೆ ಅನ್ನುವುದು ಇನ್ನೊಂದು ಮುಖ. 2012ರ ಜುಲೈ 28ಕ್ಕೆ ಮಂಗಳೂರಿನ ಪಡೀಲ್ ಹೋಂಸ್ಟೇಯಲ್ಲಿ ಪಾರ್ಟಿ ಮಾಡುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿ ಆಯಿತಲ್ಲ, ಅದು ಇಡೀ ದೇಶಕ್ಕೆ ಗೊತ್ತಾದದ್ದು ಕ್ಯಾಮೆರಾದಲ್ಲಿ ಸೆರೆಯಾದ ಕಾರಣಕ್ಕೆ. ಅದನ್ನು ವರದಿ ಮಾಡಿದ ಟಿವಿ ವರದಿಗಾರ ನವೀನ್ ಸೂರಿಂಜೆ ಅವರನ್ನೇ ಪೊಲೀಸರು ಆರೋಪಿ ಮಾಡಿದರು. ನವೆಂಬರ್‌ನಲ್ಲಿ ಬಂಧನ, ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದು ಮರು ವರ್ಷ ಮಾರ್ಚ್‌ನಲ್ಲಿ. ಕೊನೆಗೆ ಸರಕಾರವೇ ಅವರ ಮೇಲಿನ ಕೇಸ್ ಹಿಂದೆ ತೆಗೆದುಕೊಂಡಿತು. ಜೈಲಿನಲ್ಲಿ ಕಳೆದ ಆ ತಿಂಗಳುಗಳನ್ನು ವಾಪಸ್ ಕೊಡುವವರು ಯಾರು? ಆಗ ಪತ್ರಕರ್ತರು ಬೀದಿಗೆ ಇಳಿದರು. ಓದುಗರು, ನೋಡುಗರು ಎಷ್ಟು ಜನ ಇಳಿದೆವು?

ಜೈಲೇ ಆಗಬೇಕು ಅಂತಿಲ್ಲ. ಒಂದು ಲಾಯರ್ ನೋಟಿಸ್ ಸಾಕು. ಕ್ರಿಮಿನಲ್ ಮಾನನಷ್ಟ ಅಂದರೆ ಎರಡು ವರ್ಷದವರೆಗೆ ಜೈಲು, ಮತ್ತೆ ಅದು ಮುಗಿಯುವವರೆಗೆ ಕೋರ್ಟಿಗೆ ಓಡಾಟ. ದೊಡ್ಡವರಿಗೆ ಪ್ರಕಟಣೆಗೆ ಮೊದಲೇ ತಡೆಯಾಜ್ಞೆ ತರುವ ದಾರಿಯೂ ಉಂಟು, 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಮಂದಿ ಸಚಿವರು ಒಟ್ಟಿಗೆ ಬೆಂಗಳೂರಿನ ಕೋರ್ಟಿನಿಂದ ಹಾಗೆ ತಂದಿದ್ದರು. ಮಾಹಿತಿ ಹಕ್ಕಿನ ಕಥೆಯೂ ಅದೇ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು, ಆ ಟ್ಯಾಂಕಿನ ಬಿಲ್ ಹೊರಗೆ ಬರುವುದೂ ಹಾಗೆಯೇ. ಆದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆ ತರುವಾಗ ಯಾವ ಮಾಹಿತಿ ಕೊಡದೆ ಇರಬಹುದು ಅಂತ ಹೇಳುವ ಮಾಹಿತಿ ಹಕ್ಕಿನ ಸೆಕ್ಷನ್ 8ಕ್ಕೂ ಕೈ ಹಾಕಿದರು. ವೈಯಕ್ತಿಕ ಮಾಹಿತಿ ಅಂತ ಹೇಳಿ ಅರ್ಜಿ ತಿರಸ್ಕರಿಸುವುದು ಇದರಿಂದ ಸುಲಭ ಆಗುತ್ತದೆ. ಇದು ಪತ್ರಕರ್ತರ ಸಮಸ್ಯೆ ಮಾತ್ರ ಅಂತ ಯಾರಿಗಾದರೂ ಅನ್ನಿಸಿದರೆ ನಿಮ್ಮ ಪಂಚಾಯತ್‌ಗೆ ಒಂದು ಅರ್ಜಿ ಹಾಕಿ ನೋಡಿ.

ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವೆ. 1843ರ ಅದೇ ದಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’ ಇಲ್ಲಿಂದ ಹೊರಟಿತು, ಕನ್ನಡದ ಮೊದಲ ಪತ್ರಿಕೆ ನಮ್ಮೂರಿನದ್ದು ಅಂತ ನಮಗೆ ಹೆಮ್ಮೆ. ಈ ಸಲ ಆ ವೇದಿಕೆಗೆ ಶಾಸಕರನ್ನು ಕರೆಯಿರಿ, ಬೇಡ ಅನ್ನುವುದಿಲ್ಲ. ಹಾರ ಶಾಲು ಎಲ್ಲ ಆದ ಮೇಲೆ ಅರ್ಧ ಗಂಟೆ ಅವರನ್ನು ಪ್ರಶ್ನೆಗೆ ಕೂರಿಸಿ. ಮತ್ತೆ ಪತ್ರಿಕೆ ನಡೆಸುವವರಲ್ಲಿ ನನ್ನದು ಒಂದೇ ಬೇಡಿಕೆ. ಸುದ್ದಿ ತರುವವರ ಕೈಯಿಂದ ಆ ದರಪಟ್ಟಿ ತೆಗೆಯಿರಿ. ಜಾಹೀರಾತಿಗೆ ಬೇರೆ ಜನ ಇಡಿ, ವರದಿಗಾರರಿಗೆ ತಿಂಗಳ ಸಂಬಳ ಕೊಡಿ. ಅದಕ್ಕಾಗಿ ಪೇಪರ್‌ಗೆ ಎರಡು ರೂಪಾಯಿ ಜಾಸ್ತಿ ಮಾಡಿದರೆ ನಾನು ಕೊಡುತ್ತೇನೆ.