ಓಟಕ್ಕೆ ಮುನ್ನ ಸ್ಟ್ರೆಚಿಂಗ್ ಮಾಡಿದರೆ ಗಾಯವೇ ಆಗುವುದಿಲ್ಲವೇ?

ಸೇನಾ ಭರ್ತಿಯ 1.6 ಕಿ.ಮೀ. ಓಟಕ್ಕೆ ತಯಾರಾಗುವವರ ಗ್ರೂಪುಗಳಲ್ಲಿ ಓಡಾಡುವ ಈ ಮಾತು ಸರಿಯಲ್ಲ. 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಟ್ರೇಲಿಯಾ ಸೇನೆಯ 1,538 ಹೊಸ ಸೈನಿಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ 12 ವಾರ ಗಮನಿಸಿತು. ಸ್ಟ್ರೆಚಿಂಗ್ ಮಾಡಿದವರಿಗೂ ಮಾಡದವರಿಗೂ ಕಾಲಿನ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೈ ಬಿಸಿ ಮಾಡುವ ನಿಧಾನ ಓಟವಂತೂ ಇಬ್ಬರಿಗೂ ಇತ್ತು.

ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುವುದು ಹೆಚ್ಚಾಗಿ ದೂರವನ್ನೋ ಬೆನ್ನಿನ ಭಾರವನ್ನೋ ಒಮ್ಮೆಲೇ ಏರಿಸಿದಾಗ. ಒತ್ತಡಕ್ಕೆ ಸವೆದ ಮೂಳೆ ತನ್ನನ್ನು ಕಟ್ಟಿಕೊಳ್ಳಲು ವಾರಗಳು ಬೇಕು. ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಸ್ಟ್ರೆಚಿಂಗ್ ಇಷ್ಟವಿದ್ದವರು ಮಾಡಲಿ, ಅಡ್ಡಿಯಿಲ್ಲ. ಇಂಥ ಸಂದೇಶ ಬಂದಾಗ ಕೇಳಿ: ಹೋಲಿಸಲು ಇನ್ನೊಂದು ಗುಂಪಿತ್ತೇ? ಎಷ್ಟು ಜನ, ಎಷ್ಟು ವಾರ?