ಕರಟದೊಳಗಿನ ಕಾಳು ಮತ್ತು ತಪಾಸಣಾಧಿಕಾರಿ

ತರಗತಿಯಲ್ಲಿ ಕಾಳು ಮೊಳೆಸುವ ವಾರದ ಯೋಜನೆ ಬರೆಯುವಾಗ ಎಲ್ಲವೂ ಎಷ್ಟು ಚೆಂದ! ಸೋಮವಾರ ಬಿತ್ತುವುದು, ಮಂಗಳವಾರ ನೀರು ಹಾಕುವುದು, ಬುಧವಾರ ಗಮನಿಸುವುದು, ಗುರುವಾರ ಚಿತ್ರ ಬರೆಯುವುದು, ಶುಕ್ರವಾರ ಅಳೆಯುವುದು, ಶನಿವಾರ ಎಲ್ಲರೆದುರು ಹೇಳುವುದು. ಆರು ದಿನ, ಆರು ಸಾಲು, ಕೆಳಗೊಂದು ಸಹಿ. ಇದನ್ನು ಬರೆದವರು ಏಳು ವರ್ಷದ ಮಗುವನ್ನು ಹತ್ತಿರದಿಂದ ನೋಡೇ ಇಲ್ಲ ಎಂದು ಬಯ್ಯೋಣವೆಂದರೆ, ಬರೆದವರು ಟೀಚರುಗಳಾದ ನಾವೇ.

ಶುಕ್ರವಾರವೇ ಹೇಳಿರುತ್ತೇವೆ: ಸೋಮವಾರ ಬರುವಾಗ ಒಂದು ಕರಟ, ಒಂದು ಹಿಡಿ ಕಾಳು ತನ್ನಿ. ಸೋಮವಾರ ಅರ್ಧ ಮಕ್ಕಳು ಕರಟ ಮರೆತು ಬರುತ್ತಾರೆ, ಇನ್ನರ್ಧ ಕಾಳು ಮರೆತು ಬರುತ್ತಾರೆ. ಎರಡನ್ನೂ ತಂದವಳೊಬ್ಬಳು ಇದ್ದೇ ಇರುತ್ತಾಳೆ. ಅವಳ ಪೊಟ್ಟಣ ಬಿಚ್ಚಿದರೆ ಒಳಗಿರುವುದು ತೊಗರಿಬೇಳೆ. ಬೇಳೆ ಒಡೆಯುವಾಗಲೇ ಮೊಳೆಯಬೇಕಾದ ಕುಡಿ ಉದುರಿಹೋಗಿರುತ್ತದೆ, ಅದನ್ನು ತಿಂಗಳುಗಟ್ಟಲೆ ಮಣ್ಣಲ್ಲಿಟ್ಟರೂ ಸಾರಾಗುವ ಯೋಗ್ಯತೆಯನ್ನೂ ಕಳೆದುಕೊಳ್ಳುತ್ತದೆಯೇ ಹೊರತು ಗಿಡವಾಗುವುದಿಲ್ಲ. ಇದನ್ನು ವಿವರಿಸಿದರೆ ಅವಳ ಕಣ್ಣಲ್ಲಿ ನೀರು. ಅಮ್ಮ ಕೊಟ್ಟದ್ದು ಹೇಗೆ ತಪ್ಪಾಗುತ್ತದೆ? ಆದ್ದರಿಂದ ಹೆಸರುಕಾಳು, ಹುರುಳಿ, ಅವರೆ ಮೂರನ್ನೂ ಭಾನುವಾರ ರಾತ್ರಿಯೇ ನೆನೆಹಾಕಿ, ಡಬ್ಬಿಯಲ್ಲಿ ತುಂಬಿಕೊಂಡು ನಾವೇ ತರುವುದು ಕ್ಷೇಮ.

ಕರಟದ ವಿಷಯ ಇನ್ನೂ ಸೂಕ್ಷ್ಮ. ತೆಂಗಿನಕಾಯಿಗೆ ಮೂರು ಕಣ್ಣು, ಅದರಲ್ಲಿ ಮೆತ್ತಗಿರುವುದು ಒಂದೇ. ಅದನ್ನು ಮೊಳೆಯಿಂದ ತಿವಿದರೆ ಹೆಚ್ಚಿನ ನೀರು ಹೋಗಲು ದಾರಿಯಾಯಿತು. ಆದರೆ ಕಾಯಿ ಒಡೆದಾಗ ಕಣ್ಣೆಲ್ಲ ಒಂದೇ ಹೋಳಿನ ಪಾಲಾಗುತ್ತದೆ. ಕಣ್ಣಿಲ್ಲದ ಹೋಳು ತಂದವರ ಕರಟ ಮಂಗಳವಾರಕ್ಕೇ ಕೆರೆ. ಮೊಳೆಯುವ ಕಾಳಿಗೂ ಉಸಿರಾಡಲು ಗಾಳಿ ಬೇಕು, ನೀರಲ್ಲಿ ಮುಳುಗಿದರೆ ಕೊಳೆಯುತ್ತದೆ. ಗುರುವಾರದ ಹೊತ್ತಿಗೆ ಆ ವಾಸನೆ ಅಡುಗೆಕೋಣೆಯ ಸಾಂಬಾರಿನ ಘಮವನ್ನೂ ಸೋಲಿಸುತ್ತದೆ.

ಎರಡು ಪಾಲು ಮಣ್ಣು, ಒಂದು ಪಾಲು ಒಣಗಿದ ಸಗಣಿ ಗೊಬ್ಬರ. ಮಗುವಿನ ತೋರುಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಮೂರು ಕಾಳು. ಒಂದನ್ನು ಇರುವೆ ಕದ್ದು, ಇನ್ನೊಂದು ಕೊಳೆತರೂ ಮೂರನೆಯದು ಮಾನ ಉಳಿಸುತ್ತದೆ. ಹೆಸರಿನ ಚೀಟಿಯನ್ನು ಮಾತ್ರ ಸ್ಕೆಚ್ ಪೆನ್ನಿನಲ್ಲಿ ಬರೆಯಬೇಡಿ. ನೀರು ಬಿದ್ದ ಕೂಡಲೇ ಹೆಸರು ಕರಗಿ ನೀಲಿ ಕಲೆಯಾಗುತ್ತದೆ. ಆಮೇಲೆ ಮೊಳೆತದ್ದು ಮೂರೇ ಕರಟ, "ನಂದು ಮಿಸ್, ನಂದು ಮಿಸ್" ಎನ್ನುವವರು ಹದಿನೇಳು ಮಂದಿ. ಸೀಸದ ಕಡ್ಡಿಯೋ ಮೇಣದ ಬಳಪವೋ ಆದರೆ ಈ ಪಂಚಾಯಿತಿ ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಕಾಳು ಯಾಕೆ ಮೊಳೆಯುವುದಿಲ್ಲ? ತಪಾಸಣಾಧಿಕಾರಿಯಿಂದ.

ಪ್ರತಿ ತರಗತಿಗೂ ಒಬ್ಬ ಇರುತ್ತಾನೆ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೊಠಡಿಯಲ್ಲಾದರೆ ಅವನ ಠಿಕಾಣಿ ಐದನೇ ತಟ್ಟೆ, ಅಂದರೆ ಐದನೇ ಗುಂಪು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಮಗು ಕಲಿಕೆಯ ಹಂತಗಳ ಪಟ್ಟಿಯಾದ ಏಣಿ ನೋಡಿ, ತನ್ನ ಮೆಟ್ಟಿಲಿನ ಲೋಗೋ ಗುರುತಿಸಿ, ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗಬೇಕು. ಮೊದಲನೆಯದರಲ್ಲಿ ಟೀಚರ ಪೂರ್ಣ ನೆರವು, ಎರಡನೆಯದರಲ್ಲಿ ಅರೆ ನೆರವು, ಮೂರು-ನಾಲ್ಕರಲ್ಲಿ ಜೊತೆಯವರ ನೆರವು, ಐದನೆಯದು ಸ್ವಕಲಿಕೆ. ಮೊದಲ ತಟ್ಟೆಯಲ್ಲಿ ನಾವು "ರ" ಮತ್ತು "ದ" ತಿದ್ದಿಸುತ್ತ ಬಗ್ಗಿದ್ದರೆ, ನಮ್ಮ ಬೆನ್ನು ಐದನೆಯದಕ್ಕೆ. ಅಲ್ಲೇ ಕಿಟಕಿ. ಕಿಟಕಿಯ ಮೇಲೆ ಕರಟ.

ಅವನ ಕಾರ್ಯವಿಧಾನ ಹೀಗೆ. ಮೊದಲು ಪೆನ್ಸಿಲ್ ಹೆರೆಯುವ ನೆಪ. ಮೆಂಡರ್ ಹಿಡಿದು ಕಿಟಕಿಯ ಬಳಿ ಹೋಗುತ್ತಾನೆ, ಸಿಪ್ಪೆ ಆಚೆ ಉದುರಿಸಬೇಕಲ್ಲ! ಎರಡು ಸುತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ಆಮೇಲೆ ಪೆನ್ಸಿಲಿನ ಹಿಂಭಾಗದಿಂದ ಮಣ್ಣು ಕೆದಕಿ, ಕಾಳನ್ನು ಎರಡು ಬೆರಳಲ್ಲಿ ಎತ್ತಿ, ಅಂಗಿಗೆ ಒರೆಸಿ, ಬೆಳಕಿಗೆ ಹಿಡಿದು ಅಕ್ಕಸಾಲಿ ಮೂಗುಬೊಟ್ಟು ನೋಡುವಂತೆ ನೋಡುತ್ತಾನೆ. "ಬಾಲ ಬಂದೈತೆ ಕಣ್ರೋ!" ಅಲ್ಲಿಗೆ ಏಣಿ, ಕಾರ್ಡು, ತಟ್ಟೆ ಎಲ್ಲ ಮುಗಿಯಿತು. ಕಾಳು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬಳು ಮೂಸುತ್ತಾಳೆ. ಒಬ್ಬ ಬಾಲವನ್ನು ಮೆಲ್ಲಗೆ ಎಳೆದು ನೋಡುತ್ತಾನೆ, ಕಿತ್ತು ಬಂದರೆ "ನಾನಲ್ಲ" ಎನ್ನುತ್ತಾನೆ. ನಾವು ತಿರುಗುವಷ್ಟರಲ್ಲಿ ಕಾಳು ಮರಳಿ ಮಣ್ಣೊಳಗೆ, ಸಾಮಾನ್ಯವಾಗಿ ತಲೆಕೆಳಗಾಗಿ.

ತಲೆಕೆಳಗಾದರೆ ಚಿಂತೆಯಿಲ್ಲ. ಬೇರಿಗೆ ಕೆಳಗಿನ ದಾರಿ ಗೊತ್ತು, ಹೇಗಿಟ್ಟರೂ ಬಾಗಿಕೊಂಡು ಇಳಿಯುತ್ತದೆ. ತೊಂದರೆ ಬೇರಿನ ಮೈಮೇಲಿನ ಕೂದಲಿನಂಥ ಎಳೆಗಳದ್ದು. ನೀರು ಹೀರುವುದು ಅವೇ, ಮಣ್ಣು ಕದಲಿಸಿದಾಗ ಮೊದಲು ಹರಿಯುವುದೂ ಅವೇ. ಒಮ್ಮೆ ಕಿತ್ತರೆ ಬದುಕೀತು. ಮಂಗಳವಾರ ಒಮ್ಮೆ, ಬುಧವಾರ ಎರಡು ಸಲ, ಗುರುವಾರ ಊಟದ ಬೆಲ್ಲಿಗೆ ಮುಂಚೆ ಮತ್ತೆ ನಂತರ ಕಿತ್ತರೆ ಯಾವ ಕಾಳು ತಾನೇ ತಾಳೀತು? ಇವನನ್ನು ಗದರುವುದಕ್ಕೂ ಬಾಯಿ ಬರುವುದಿಲ್ಲ. ರೂಪಣಾತ್ಮಕ ಒಂದು, ರೂಪಣಾತ್ಮಕ ಎರಡು, ಸಂಕಲನಾತ್ಮಕ ಎಂಬ ಪರೀಕ್ಷೆಗಳ ಹೆಸರಲ್ಲಿ ಇವನನ್ನೇ ನಾವು ವರ್ಷವಿಡೀ ಕಿತ್ತು ಬೆಳಕಿಗೆ ಹಿಡಿಯುತ್ತಿರುತ್ತೇವೆ. ಅದಿರಲಿ.

ಶುಕ್ರವಾರ ಅಳತೆ. ಗಿಡ ಅಳೆಯಲು ಸ್ಕೇಲನ್ನು ಗಿಡದ ಹತ್ತಿರ ಒಯ್ಯಬೇಕು. ಮಕ್ಕಳು ಗಿಡವನ್ನು ಸ್ಕೇಲಿನ ಹತ್ತಿರ ತರುತ್ತಾರೆ. ಅಲ್ಲಿಗೆ ಉಳಿದಿದ್ದ ಎರಡೂ ಹೋಯಿತು. ಸಾಲದ್ದಕ್ಕೆ ಸ್ಕೇಲಿನ ಸೊನ್ನೆ ಅಂಚಿನಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಅಂಚಿನಿಂದ ಅಳೆದ ಗಿಡ ಒಂದೇ ಏಟಿಗೆ ಅರ್ಧ ಸೆಂಟಿಮೀಟರ್ ಗಿಡ್ಡ. ಅದಕ್ಕಿಂತ ಗಿಡದ ಪಕ್ಕ ಕಾಗದದ ಪಟ್ಟಿ ನಿಲ್ಲಿಸಿ, ತುದಿಗೆ ಸರಿಯಾಗಿ ಕತ್ತರಿಸಿ, ದಿನಾ ಒಂದರ ಪಕ್ಕ ಒಂದು ಅಂಟಿಸುವುದು ಮೇಲು. ಓದಲು ಬಾರದವರಿಗೂ ಬೆಳವಣಿಗೆ ಕಾಣುತ್ತದೆ. ಗೋಂದಿನ ಬಾಟಲಿಯ ಮುಚ್ಚಳ ತೆರೆದರೆ.

ಈ ನಡುವೆ ಫೋಟೋ ಬೇಕು. ವಾಟ್ಸಾಪ್ ಗುಂಪಿಗೆ ಹಾಕಬೇಕು, ದಿನಾಂಕ-ಸ್ಥಳ ಮೂಡಿರಬೇಕು, ಮೊಳಕೆಯೂ ಇರಬೇಕು. ಕರಟದಲ್ಲಿ ಮೊಳಕೆ ಇಲ್ಲ. ಸರಿ, ಡಬ್ಬಿಯಲ್ಲಿ ಉಳಿದಿದ್ದ ಕಾಳು ಮನೆಯಲ್ಲಿ ಒದ್ದೆ ಬಟ್ಟೆಯೊಳಗೆ ಬೆರಳುದ್ದ ಮೊಳೆತಿದೆ, ಪಲ್ಯ ಮಾಡಬೇಕಿದ್ದದ್ದನ್ನು ತಂದು ಮಣ್ಣಿಗೆ ಚುಚ್ಚಿ, "ಎಲ್ಲರೂ ಆಶ್ಚರ್ಯದಿಂದ ನೋಡಿ" ಎಂದರೆ ಮಕ್ಕಳು ಆಶ್ಚರ್ಯದಿಂದ ಮೊಬೈಲನ್ನು ನೋಡುತ್ತಾರೆ.

ಒಂದು ಕರಟ ಮಾತ್ರ ಪ್ರತಿ ಸಲವೂ ಚೆನ್ನಾಗಿ ಬರುತ್ತದೆ. ಸೋಮವಾರ ಬಿತ್ತಿ, ಮಂಗಳವಾರ ಅಪ್ಪ-ಅಮ್ಮನ ಜೊತೆ ಕಾಫಿ ತೋಟದ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೊರಟುಹೋದ ಮಗುವಿನದು. ಯಜಮಾನ ಇಲ್ಲದ ಕರಟವನ್ನು ಯಾಕೋ ಯಾರೂ ಅಗೆಯುವುದಿಲ್ಲ, ತಪಾಸಣಾಧಿಕಾರಿಯೂ ಸಹ. ನೀರು ಹಾಕುವ ಸರದಿಯವಳು ತನ್ನದರ ಜೊತೆ ಅದಕ್ಕೂ ಒಂದು ಚಮಚ ಹಾಕುತ್ತಾಳೆ. ಎರಡು ಎಲೆ ಬಿಚ್ಚಿಕೊಂಡು ಹೆಸರಿನ ಚೀಟಿಯ ಮೇಲೆ ಬಾಗುತ್ತದೆ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಸಾಲಾಗಿ ಗೈರು.

ಶನಿವಾರ ಹನ್ನೊಂದೂವರೆಗೆ ಬೆಲ್ ಹೊಡೆದರೆ ಸೋಮವಾರ ಒಂಬತ್ತೂವರೆಯವರೆಗೆ 46 ಗಂಟೆ ಆ ಕಿಟಕಿಗೆ ಯಾರೂ ನೀರು ಹಾಕುವುದಿಲ್ಲ. ಬಿಸಿಲಿನ ತಿಂಗಳಾದರೆ ಕರಟಗಳನ್ನು ನೆರಳಿಗೆ ಸರಿಸಿ, ಮೇಲೆ ಒದ್ದೆ ಗೋಣಿಚೀಲದ ತುಂಡು ಹೊದಿಸಿ ಹೋಗಬೇಕು.

ಅಗೆಯುವವನಿಗೆ ಮದ್ದು ಒಂದಿದೆ. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ಕಾಳು ಸಿಕ್ಕಿಸಿ, ತಳದಲ್ಲಿ ಎರಡು ಬೆರಳು ನೀರು ನಿಲ್ಲಿಸಿ, ಕಾಳು ಆ ನೀರಿಗಿಂತ ಮೇಲಿರುವಂತೆ ಇಡುವುದು. ಬೇರು, ಕಾಂಡ, ಎಲೆ ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಈ ವಾರ ಅದನ್ನೇ ಮಾಡೋಣ, ಕಾಳು ತನ್ನಿ ಎಂದು ಹೇಳಿಯಾಯಿತು. ಸೋಮವಾರ ಬೆಳಿಗ್ಗೆ ತಪಾಸಣಾಧಿಕಾರಿ ಎಲ್ಲರಿಗಿಂತ ಮುಂಚೆ ಬಂದು ಚಡ್ಡಿ ಜೇಬಿನಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿಯುತ್ತಾನೆ. ಹುರಿಗಡಲೆ.

"ಮಿಸ್, ಇದು ಮೊಳಕೆ ಬರ್ದಿದ್ರೆ ತಿನ್ಬೋದಾ?"