ಕೂಸಿಗೆ ಮುನ್ನ ಕುಲಾವಿ, ಕೇಳುಗರಿಗೆ ಮುನ್ನ ಫಾರ್ಮ್ಯಾಟ್

ದಕ್ಷಿಣ ಬೆಂಗಳೂರಿನ ಕಾಲೇಜೊಂದರ ಸಮುದಾಯ ಬಾನುಲಿ ಕೇಂದ್ರದಲ್ಲಿ, ಯಾವ ಬಗೆಯ ಸಂಗೀತ ಹಾಕಿದರೆ ಕೇಳುಗರು ಮುಗಿಬೀಳುತ್ತಾರೆ ಎಂಬುದನ್ನು ನಿರ್ಧರಿಸಲು ‘ಸಂಗೀತ ಫಾರ್ಮ್ಯಾಟ್ ಆಯ್ಕೆ ಸಮಿತಿ’ ರಚನೆಯಾಗಿದ್ದು, ಅದರ ಮೂರನೆಯ ಸಭೆಯಲ್ಲಿ ಮೂಲೆಯ ಕುರ್ಚಿಯೊಂದು ನನಗೂ ದಕ್ಕಿತು. ಸಮಿತಿಯಲ್ಲಿ ಒಂಬತ್ತು ಮಂದಿಯಿದ್ದರು. ರೇಡಿಯೊ ಇಟ್ಟುಕೊಂಡವರು ಒಬ್ಬರೂ ಇರಲಿಲ್ಲ. ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನಿನ ತಂತಿಯೇ ಆಂಟೆನಾ ಆಗಬೇಕಾದ್ದರಿಂದ, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡಿದ್ದ ಆ ಒಂಬತ್ತೂ ಮಂದಿ ತಮ್ಮ ಕೇಂದ್ರವನ್ನು ಕೇಳಬೇಕೆಂದರೆ ಗೇಟಿನಾಚೆಯ ಟೀ ಅಂಗಡಿಗೇ ಹೋಗಬೇಕು.

ಸಂಚಾಲಕರು ಸ್ಲೈಡ್ ತೋರಿಸುತ್ತಾ ಪೂರ್ವೇತಿಹಾಸ ವಿವರಿಸಿದರು. ಜನ ಜ್ಯೂಕ್‌ಬಾಕ್ಸಿಗೆ ಕಾಸು ಹಾಕಿ, ಕೇಳಿದ ಹಾಡನ್ನೇ ಮತ್ತೆ ಮತ್ತೆ ಕೇಳುವುದನ್ನು ಗಮನಿಸಿದ ಅಮೆರಿಕದ ಒಮಾಹಾದ ಟಾಡ್ ಸ್ಟಾರ್ಜ್, 1950ರ ದಶಕದಲ್ಲಿ ಜನಪ್ರಿಯವಾದ ಕೆಲವೇ ಹಾಡುಗಳನ್ನು ದಿನವಿಡೀ ತಿರುಗಿಸುವ ‘ಟಾಪ್ 40’ ಪದ್ಧತಿಯನ್ನು ಬೆಳೆಸಿದನಂತೆ. ಅದೇ ದೇಶದ ಕಾಲೇಜು ಕೇಂದ್ರಗಳು ಹೆಸರು ಮಾಡಿದ್ದು ಟಾಪ್ 40ರಲ್ಲಿ ಇಲ್ಲದ್ದನ್ನು ಹಾಕಿ ಎಂಬ ಸಂಗತಿ ಮಾತ್ರ ಸ್ಲೈಡಿನಲ್ಲಿ ಇರಲಿಲ್ಲ.

ಶಾಸ್ತ್ರೀಯ ಸಂಗೀತವಾದರೆ ಹೇಗೆ ಎಂದು ಉಪನ್ಯಾಸಕರೊಬ್ಬರು ಅಳುಕುತ್ತಲೇ ಕೇಳಿದಾಗ, ಅದಕ್ಕೆ ಆಕಾಶವಾಣಿಯ ಅಮೃತವರ್ಷಿಣಿ ಇದೆಯಲ್ಲ, ಇದ್ದದ್ದನ್ನೇ ನಾವೇಕೆ ಮಾಡಬೇಕು ಎಂಬ ಉತ್ತರ ಬಂತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಶುರುವಾದ ಈ ಊರಿನಲ್ಲಿ ಮುಳ್ಳು ಎತ್ತ ತಿರುಗಿಸಿದರೂ ಸಿನಿಮಾ ಹಾಡೇ ಸಿಗುತ್ತದಾದರೂ, ಸಿನಿಮಾ ಹಾಡಿನ ಪ್ರಸ್ತಾಪಕ್ಕೆ ಈ ಆಕ್ಷೇಪ ಅನ್ವಯಿಸಲಿಲ್ಲ. ಒಮ್ಮತದ ಅಂಗೀಕಾರವೇ ದೊರೆಯಿತು. ಕೇಂದ್ರದ 50 ವಾಟ್‌ನ ಟ್ರಾನ್ಸ್‌ಮಿಟರು ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರು ಮುಟ್ಟೀತು ಎಂಬ ಆತಂಕವನ್ನೂ ಸಂಚಾಲಕರು ನಿವಾರಿಸಿದರು: ಸಂಜೆಯ ಹೊತ್ತು ವಾಹನ ದಟ್ಟಣೆಯ ಸಿಲ್ಕ್ ಬೋರ್ಡ್ ಜಂಕ್ಷನ್ ಹಾದು ಅಷ್ಟು ದೂರ ಕ್ರಮಿಸಲು ಎರಡು ಗಂಟೆ ಬೇಕಾದ್ದರಿಂದ ಕೇಳುಗರು ತಪ್ಪಿಸಿಕೊಂಡು ಹೋಗುವ ಸಂಭವವೇ ಇಲ್ಲ.

1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ನಡೆಸಿದ್ದು ಇದಕ್ಕಿಂತಲೂ ಸಣ್ಣ, 30 ವಾಟ್‌ನ ಯಂತ್ರದಲ್ಲಿ. ಅವರು ಮನಃಶಾಸ್ತ್ರದ ಮೇಷ್ಟ್ರು. ಆದರೂ ಕೇಳುಗರ ಮನಸ್ಸು ಅಳೆಯಲು ಸಮಿತಿ ಮಾಡಿದರೆಂದು ನಾನೆಲ್ಲೂ ಓದಿಲ್ಲ.

ಪ್ರಸಾರದ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕೆಂಬ ಸರ್ಕಾರಿ ಷರತ್ತೊಂದು ಉಳಿದಿತ್ತು. ಅದಕ್ಕೆ ತಗಲಿದ್ದು ನಾಲ್ಕೇ ನಿಮಿಷ. ಹಾಡು ಮುಂಬೈಯದೋ ಚೆನ್ನೈಯದೋ ಆದರೂ, ಅದನ್ನು ಹಾಕುವ ಗುಂಡಿಯನ್ನು ಒತ್ತುವ ಬೆರಳು ಸ್ಥಳೀಯ ವಿದ್ಯಾರ್ಥಿಯದೇ ಆಗಿರುತ್ತದೆ ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಬಳಿಕ ಎಲ್ಲರೂ ಪಕ್ಕದ ಸ್ಟುಡಿಯೊಗೆ ನಡೆದು, ‘ನಿಮ್ಮೂರ ದನಿ, ನಿಮ್ಮದೇ ದನಿ’ ಎಂಬ ಜಿಂಗಲ್ ಧ್ವನಿಮುದ್ರಿಸಿಕೊಳ್ಳಲು ಸಜ್ಜಾದರು. ಹಿನ್ನೆಲೆಗೆ ರೆಡಿಮೇಡ್ ಗಿಟಾರು. ಮೊದಲ ಟೇಕು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಹೊರಗಿನ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸು, ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡುವ ಲಯಕ್ಕೆ ಸರಿಯಾಗಿ, ತನ್ನೂರಿನ ಸೋಬಾನೆ ಪದವೊಂದನ್ನು ಗುನುಗುತ್ತಿದ್ದಳು. ಸಂಚಾಲಕರು ಬಾಗಿಲಿನಿಂದ ತಲೆ ಹೊರಹಾಕಿ, ‘ಅಮ್ಮಾ, ಇಲ್ಲಿ ರೆಕಾರ್ಡಿಂಗ್ ನಡೀತಿದೆ, ಸ್ವಲ್ಪ ಸುಮ್ಮನಿರಿ’ ಎಂದು ವಿನಯದಿಂದಲೇ ಹೇಳಿದರು. ಮೂರನೆಯ ಟೇಕು ಓಕೆ ಆಯಿತು.